ಅಡುಗೆಮನೆಯ ಮೇಜಿನ ಮೇಲೆ ಹುಟ್ಟಿದ ಸಾಫ್ಟ್ ಲೆನ್ಸ್: ಹೈಡ್ರೋಜೆಲ್‌ಗೆ ದಾರಿ ತೆರೆದ ಒಟ್ಟೊ ವಿಖ್ಟರ್ಲೆ

1961ರ ಡಿಸೆಂಬರ್. ಪ್ರಾಗ್ ನಗರವೆಲ್ಲ ಕ್ರಿಸ್‌ಮಸ್ ಸಂಭ್ರಮದಲ್ಲಿತ್ತು. ಆದರೆ ಒಂದು ಮನೆಯ ಅಡುಗೆಮನೆಯಲ್ಲಿ ಮಾತ್ರ ಹಬ್ಬದ ತಿಂಡಿಯ ಜಾಗದಲ್ಲಿ ವಿಚಿತ್ರ ಸಾಮಾನುಗಳು ಹರಡಿಕೊಂಡಿದ್ದವು. ಮಕ್ಕಳು ಆಡುವ ಲೋಹದ ಪಟ್ಟಿ, ನಟ್ಟು, ಬೋಲ್ಟು, ಸೈಕಲ್ಲಿನ ಡೈನಮೊ, ಕರೆಗಂಟೆಯ ಟ್ರಾನ್ಸ್‌ಫಾರ್ಮರ್, ಪುಟ್ಟ ಪುಟ್ಟ ಗಾಜಿನ ಅಚ್ಚುಗಳು. 48 ವರ್ಷದ ರಸಾಯನಶಾಸ್ತ್ರಜ್ಞರೊಬ್ಬರು ಇವನ್ನೆಲ್ಲ ಜೋಡಿಸಿ ಒಂದು ಯಂತ್ರ ಮಾಡಿದ್ದರು. ಪಕ್ಕದಲ್ಲಿ ಪತ್ನಿ ಲಿಂಡಾ ನೆರವಿಗೆ ನಿಂತಿದ್ದರು.

ಆ ಮಧ್ಯಾಹ್ನ ತಿರುಗುವ ಅಚ್ಚಿನಿಂದ ಹೊರಬಂದದ್ದು ಮೆದುವಾದ, ಪಾರದರ್ಶಕವಾದ ಕಾಂಟ್ಯಾಕ್ಟ್ ಲೆನ್ಸ್. ವಿಜ್ಞಾನಿ ಅದನ್ನು ತಮ್ಮ ಕಣ್ಣಿಗೇ ಹಾಕಿಕೊಂಡು ನೋಡಿದರು. ಪವರ್ ಸರಿಯಿರಲಿಲ್ಲ. ಆದರೆ ಕಣ್ಣು ಚುಚ್ಚಲಿಲ್ಲ, ಉರಿಯಲಿಲ್ಲ. ಅವರಿಗೆ ಬೇಕಿದ್ದದ್ದು ಅದೇ.

ಅವರ ಹೆಸರು ಒಟ್ಟೊ ವಿಖ್ಟರ್ಲೆ. ಇಂದು ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತು ಸಾಫ್ಟ್ ಲೆನ್ಸ್ ಹಾಕಿಕೊಳ್ಳುವ ಪ್ರತಿಯೊಬ್ಬರೂ ಈ ಚೆಕ್ ವಿಜ್ಞಾನಿಗೆ ಋಣಿಗಳು. ಆದರೆ ಅವರ ಕೊಡುಗೆ ಕಣ್ಣಿನಲ್ಲೇ ಮುಗಿಯುವುದಿಲ್ಲ. ಸುಟ್ಟ ಚರ್ಮ, ಸವೆದ ಮೂಳೆಸಂದಿ, ಹಾಳಾದ ಅಂಗಾಂಶವನ್ನು ಮತ್ತೆ ಬೆಳೆಸಲು ಹೊರಟಿರುವ ಟಿಶ್ಯೂ ಎಂಜಿನಿಯರಿಂಗ್ ಇಂದು ಬಳಸುತ್ತಿರುವ ಹೈಡ್ರೋಜೆಲ್‌ಗಳ ಕಥೆಯಲ್ಲೂ ಮೊದಲ ಅಧ್ಯಾಯ ಅವರದೇ.

ಕಾರ್ಖಾನೆ ಬಿಟ್ಟು ಪ್ರಯೋಗಾಲಯಕ್ಕೆ

ವಿಖ್ಟರ್ಲೆ ಹುಟ್ಟಿದ್ದು 1913ರ ಅಕ್ಟೋಬರ್ 27ರಂದು, ಮೊರಾವಿಯಾ ಪ್ರಾಂತ್ಯದ ಪ್ರೊಸ್ಟೆಯೊವ್ ಪಟ್ಟಣದಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಭಾಗ. ತಂದೆ ಕೃಷಿ ಯಂತ್ರಗಳ ಕಾರ್ಖಾನೆಯೊಂದರ ಪಾಲುದಾರರು. ಮುಂದೆ ಅದೇ ಕಂಪನಿ ವಿಕೋವ್ ಹೆಸರಿನಲ್ಲಿ ಕಾರುಗಳನ್ನೂ ತಯಾರಿಸಿತು. ಮಗ ಮನೆಯ ವ್ಯವಹಾರಕ್ಕೆ ಇಳಿದಿದ್ದರೆ ಬದುಕು ಸಲೀಸಾಗಿ ಸಾಗುತ್ತಿತ್ತು. ಆದರೆ ಒಟ್ಟೊ ರಸಾಯನಶಾಸ್ತ್ರ ಆರಿಸಿಕೊಂಡು ಪ್ರಾಗ್‌ಗೆ ಹೋದರು. 1936ರಲ್ಲಿ ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ ಅಲ್ಲೇ ಸಂಶೋಧನೆಗೆ ನಿಂತರು.

ಮೂರೇ ವರ್ಷದಲ್ಲಿ ಆ ದಾರಿ ಮುಚ್ಚಿತು. 1939ರಲ್ಲಿ ದೇಶವನ್ನು ವಶಪಡಿಸಿಕೊಂಡ ನಾಜಿಗಳು ಆ ವರ್ಷದ ನವೆಂಬರ್‌ನಲ್ಲಿ ಚೆಕ್ ವಿಶ್ವವಿದ್ಯಾಲಯಗಳಿಗೆಲ್ಲ ಬೀಗ ಜಡಿದರು. ಕೆಲಸ ಕಳೆದುಕೊಂಡ ವಿಖ್ಟರ್ಲೆಗೆ ಆಸರೆಯಾದದ್ದು ಝ್ಲಿನ್ ಪಟ್ಟಣದ ಬಾಟಾ ಕಂಪನಿಯ ಸಂಶೋಧನಾ ಸಂಸ್ಥೆ. ಹೌದು, ನಮ್ಮ ಊರೂರಿನಲ್ಲಿ ಅಂಗಡಿ ಇರುವ, ಕೋಲ್ಕತ್ತಾದ ಬಳಿ ಬಾಟಾನಗರ ಕಟ್ಟಿದ ಅದೇ ಬಾಟಾ. ಅದರ ತವರು ಮೊರಾವಿಯಾ.

ಚಪ್ಪಲಿ ಕಂಪನಿಯಲ್ಲಿ ಅವರು ಕೈಹಾಕಿದ್ದು ಪಾಲಿಮರ್‌ಗಳಿಗೆ. ಸಣ್ಣ ಅಣುಗಳನ್ನು ಸರಪಳಿಯಂತೆ ಪೋಣಿಸಿದರೆ ಪಾಲಿಮರ್ ಆಗುತ್ತದೆ. 1941ರಲ್ಲಿ ಅವರ ತಂಡ ಪಾಲಿಅಮೈಡ್ ಎಂಬ ಪ್ಲಾಸ್ಟಿಕ್ಕಿನಿಂದ ನೂಲು ತೆಗೆಯುವ ವಿಧಾನ ಕಂಡುಕೊಂಡಿತು. ಅಮೆರಿಕದ ನೈಲಾನ್‌ನ ವಿಧಾನವನ್ನು ನಕಲು ಮಾಡದೆ ಸ್ವತಂತ್ರವಾಗಿ ರೂಪಿಸಿದ ಈ ನೂಲಿಗೆ ಸಿಲಾನ್ ಎಂದು ಹೆಸರಾಯಿತು. ಅದು ಆ ದೇಶದ ಮೊದಲ ಕೃತಕ ನೂಲು. ಮರುವರ್ಷ, 1942ರಲ್ಲಿ, ನಾಜಿಗಳ ರಹಸ್ಯ ಪೊಲೀಸ್ ಪಡೆ ಗೆಸ್ಟಾಪೊ ಅವರನ್ನು ಬಂಧಿಸಿತು. ಕೆಲವು ತಿಂಗಳ ಸೆರೆವಾಸದ ಬಳಿಕ ಬಿಡುಗಡೆಯಾಯಿತು.

ರೈಲಿನಲ್ಲಿ ಹೊಳೆದ ಪ್ರಶ್ನೆ

ಯುದ್ಧ ಮುಗಿದ ಮೇಲೆ ವಿಖ್ಟರ್ಲೆ ಪ್ರಾಗ್‌ಗೆ ಮರಳಿದರು. ಪಾಠ ಹೇಳಿದರು, ಪಠ್ಯಪುಸ್ತಕ ಬರೆದರು, ಪ್ಲಾಸ್ಟಿಕ್ ತಂತ್ರಜ್ಞಾನಕ್ಕೆ ಪ್ರತ್ಯೇಕ ವಿಭಾಗ ಕಟ್ಟಿದರು. 1952ರಲ್ಲಿ ಹೊಸದಾಗಿ ಆರಂಭವಾದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಗೆ ಡೀನ್ ಆದರು.

ಅದೇ ವರ್ಷ ಒಂದು ರೈಲು ಪ್ರಯಾಣ ಅವರ ದಿಕ್ಕು ಬದಲಿಸಿತು. ಪ್ರಾಗ್‌ಗೆ ಹೋಗುತ್ತಿದ್ದ ರೈಲಿನಲ್ಲಿ ಸಹಪ್ರಯಾಣಿಕರೊಬ್ಬರು ವೈದ್ಯಕೀಯ ಪತ್ರಿಕೆ ಓದುತ್ತಿದ್ದರು. ಕಣ್ಣಿಗೆ ಲೋಹದ ಭಾಗವೊಂದನ್ನು ಅಳವಡಿಸುವ ವಿಷಯ ಅದರಲ್ಲಿತ್ತು. ಇಬ್ಬರಿಗೂ ಮಾತು ಬೆಳೆಯಿತು. ಮೆತ್ತನೆಯ, ನೀರು ತುಂಬಿದ ಕಣ್ಣಿನೊಳಗೆ ಗಟ್ಟಿ ಲೋಹವನ್ನು ಯಾಕೆ ಇಡಬೇಕು ಎಂಬ ಪ್ರಶ್ನೆ ವಿಖ್ಟರ್ಲೆ ಅವರ ತಲೆಯಲ್ಲಿ ಕುಳಿತುಬಿಟ್ಟಿತು.

ಇಂದು ಇದು ಸಾಮಾನ್ಯ ಪ್ರಶ್ನೆಯಂತೆ ಕಾಣಬಹುದು. ಆಗ ಹಾಗಿರಲಿಲ್ಲ. ದೇಹದೊಳಗೆ ಏನಾದರೂ ಇಡಬೇಕೆಂದರೆ ವೈದ್ಯರು ಕೈಗೆ ಸಿಕ್ಕ ವಸ್ತುವನ್ನೇ ಬಳಸುತ್ತಿದ್ದರು. ಬೇರೆ ಕೆಲಸಕ್ಕೆಂದು ತಯಾರಾದ ಲೋಹ, ಗಾಜು ಅಥವಾ ಪ್ಲೆಕ್ಸಿಗ್ಲಾಸ್ ದೇಹಕ್ಕೆ ಬರುತ್ತಿತ್ತು, ದೇಹ ಅದಕ್ಕೆ ಹೊಂದಿಕೊಳ್ಳಬೇಕಿತ್ತು. ಕಾಂಟ್ಯಾಕ್ಟ್ ಲೆನ್ಸ್ ಆಗಲೂ ಇತ್ತು. 19ನೇ ಶತಮಾನದ ಕೊನೆಯಲ್ಲಿ ಅದು ಗಾಜಿನದು, ನಂತರ ಗಟ್ಟಿ ಪ್ಲಾಸ್ಟಿಕ್ಕಿನದು. ಹಾಕಿಕೊಂಡವರು ಕೆಲವು ಗಂಟೆಗಳಲ್ಲೇ ಕಣ್ಣು ಉಜ್ಜಿಕೊಳ್ಳುತ್ತಿದ್ದರು.

ವಿಖ್ಟರ್ಲೆ ಲೆಕ್ಕವನ್ನು ತಿರುಗಿಸಿ ಹಾಕಿದರು. ದೇಹ ವಸ್ತುವಿಗೆ ಹೊಂದಿಕೊಳ್ಳುವುದು ಬೇಡ, ವಸ್ತುವೇ ದೇಹಕ್ಕೆ ಹೊಂದಿಕೊಳ್ಳಲಿ. ಅದು ಮೆದುವಾಗಿರಬೇಕು, ನೀರು ಹೀರಬೇಕು, ನೀರಿನಲ್ಲಿ ಕರಗಬಾರದು. ಅದರೊಳಗೆ ಲವಣ, ಪೋಷಕಾಂಶದಂತಹ ಸಣ್ಣ ಕಣಗಳು ಓಡಾಡುವಂತಿರಬೇಕು. ರಕ್ತ, ಕಣ್ಣೀರು, ಅಂಗಾಂಶದ ಜೊತೆ ವರ್ಷಗಟ್ಟಲೆ ಇದ್ದರೂ ಕೆಡಬಾರದು. ಅಂಥ ವಸ್ತು ಅಂಗಡಿಯಲ್ಲಿ ಸಿಗದಿದ್ದರೆ ಅಣುವಿನಿಂದ ಹಿಡಿದು ಕಟ್ಟಬೇಕು.

ಕಾಮಕಸ್ತೂರಿ ಬೀಜದ ಗುಟ್ಟು

ಹೈಡ್ರೋಜೆಲ್ ಎಂದರೆ ಏನು? ಬೇಸಿಗೆಯಲ್ಲಿ ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿ ನೋಡಿ. ಸ್ವಲ್ಪ ಹೊತ್ತಿನಲ್ಲೇ ಪ್ರತಿ ಬೀಜದ ಸುತ್ತ ಪಾರದರ್ಶಕ ಲೋಳೆ ಉಬ್ಬಿ ನಿಲ್ಲುತ್ತದೆ. ಬೀಜದ ಸಿಪ್ಪೆಯಲ್ಲಿರುವ ಉದ್ದನೆಯ ಸರಪಳಿ ಅಣುಗಳು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಹೀಗಾಗುತ್ತದೆ. ಮುಂಬೈನ ಫಾಲೂದಾ ಲೋಟದಲ್ಲಿ ಸಬ್ಜಾ ಎಂದು ಸಿಗುವುದೂ ಇದೇ. ಹೈಡ್ರೋಜೆಲ್‌ನ ತತ್ವವೂ ಇಷ್ಟೇ. ನೀರನ್ನು ಇಷ್ಟಪಡುವ ಪಾಲಿಮರ್ ಸರಪಳಿಗಳನ್ನು ಅಲ್ಲಲ್ಲಿ ಗಂಟು ಹಾಕಿ ಬಲೆ ಹೆಣೆದರೆ, ಆ ಬಲೆ ನೀರು ಕುಡಿದು ಉಬ್ಬುತ್ತದೆ. ಗಂಟುಗಳಿರುವುದರಿಂದ ಕರಗಿ ಹೋಗುವುದಿಲ್ಲ.

ಸಹೋದ್ಯೋಗಿ ದ್ರಾಹೊಸ್ಲಾವ್ ಲಿಮ್ ಜೊತೆ ಸೇರಿ ವಿಖ್ಟರ್ಲೆ ಅಂಥದೊಂದು ಬಲೆ ಹೆಣೆದರು. ಅದರ ಉದ್ದನೆಯ ರಾಸಾಯನಿಕ ಹೆಸರನ್ನು ಚುಟುಕಾಗಿಸಿ ಪಾಲಿ-ಹೇಮಾ ಎನ್ನುತ್ತಾರೆ. ಒಣಗಿದಾಗ ಗಾಜಿನಂತೆ ಗಟ್ಟಿ, ನೀರಿನಲ್ಲಿ ನೆನೆಸಿದರೆ ಮೆದು. ನೆನೆದ ಮೇಲೆ ಅದರ ತೂಕದ ಸುಮಾರು 40% ನೀರೇ. ಬಾಗಿಸಿದರೆ ಬಾಗುತ್ತದೆ, ಕನ್ನಡಿಯಷ್ಟು ತಿಳಿ. ಜೀವಂತ ದೇಹದಲ್ಲಿ ಬಳಸಲೆಂದೇ ಇಂಥ ನೀರುಪ್ರಿಯ ಜೆಲ್‌ಗಳನ್ನು ರೂಪಿಸಬಹುದು ಎಂದು ಇಬ್ಬರೂ 1960ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಎರಡು ಪುಟದ ಆ ಪುಟ್ಟ ಪ್ರಬಂಧವನ್ನು ಇಂದಿಗೂ ವೈದ್ಯಕೀಯ ಹೈಡ್ರೋಜೆಲ್ ಕ್ಷೇತ್ರದ ಆರಂಭ ಬಿಂದು ಎಂದು ಪರಿಗಣಿಸಲಾಗುತ್ತದೆ.

ಕುರ್ಚಿ ಹೋಯಿತು, ಕೆಲಸ ನಿಲ್ಲಲಿಲ್ಲ

ವಸ್ತು ಸಿಕ್ಕಿತು. ಆದರೆ ಲೆನ್ಸ್ ಮಾಡುವುದು ಸುಲಭವಾಗಲಿಲ್ಲ. 1957ರಲ್ಲಿ ಮುಚ್ಚಿದ ಅಚ್ಚುಗಳಲ್ಲಿ ಲೆನ್ಸ್ ಎರಕ ಹೊಯ್ದರು. ಅಚ್ಚು ಬಿಡಿಸುವಾಗ ಮೆತ್ತನೆಯ ಲೆನ್ಸ್‌ನ ಅಂಚು ಹರಿಯುತ್ತಿತ್ತು. ಹರಿದ ಅಂಚು ಕಣ್ಣಿಗೆ ಮುಳ್ಳು.

ಇದನ್ನು ಸರಿಪಡಿಸುವ ಮೊದಲೇ ರಾಜಕೀಯ ಅಡ್ಡಬಂತು. ಕಮ್ಯುನಿಸ್ಟ್ ಆಡಳಿತ 1958ರಲ್ಲಿ ನಡೆಸಿದ ಶುದ್ಧೀಕರಣದಲ್ಲಿ ವಿಖ್ಟರ್ಲೆ ತಾವು ಡೀನ್ ಆಗಿದ್ದ ಸಂಸ್ಥೆಯಿಂದಲೇ ಹೊರಬಿದ್ದರು. ಕಟ್ಟಿಕೊಂಡಿದ್ದ ಪ್ರಯೋಗಾಲಯ ಕೈತಪ್ಪಿತು. ಅದೃಷ್ಟಕ್ಕೆ, ಹಿಂದಿನ ವರ್ಷ ಪ್ರಾಗ್‌ನಲ್ಲಿ ನಡೆದಿದ್ದ ಪಾಲಿಮರ್ ವಿಜ್ಞಾನದ ಅಂತಾರಾಷ್ಟ್ರೀಯ ಸಮ್ಮೇಳನ ಈ ಕ್ಷೇತ್ರದ ಮಹತ್ವವನ್ನು ಸರ್ಕಾರಕ್ಕೆ ಮನವರಿಕೆ ಮಾಡಿತ್ತು. ವಿಜ್ಞಾನ ಅಕಾಡೆಮಿಯ ಅಡಿಯಲ್ಲಿ ಬೃಹದಣು ರಸಾಯನಶಾಸ್ತ್ರ ಸಂಸ್ಥೆ ಶುರುವಾಗಿ, ಅದಕ್ಕೆ ವಿಖ್ಟರ್ಲೆ ನಿರ್ದೇಶಕರಾದರು. ಆದರೆ ಕಟ್ಟಡ ಇನ್ನೂ ಮೇಲೇಳುತ್ತಿತ್ತು. ಕಟ್ಟಡ ಮುಗಿಯಲಿ ಎಂದು ಕಾಯುವ ಮನುಷ್ಯ ಅವರಲ್ಲ. ಹಾಗಾಗಿ ಪ್ರಯೋಗ ಅಡುಗೆಮನೆಗೆ ಬಂತು.

ಅವರ ಉಪಾಯ ಸರಳ. ಬಟ್ಟಲಿನಂಥ ಪುಟ್ಟ ಅಚ್ಚಿಗೆ ದ್ರವದ ಹನಿ ಬಿಟ್ಟು ಅಚ್ಚನ್ನು ಗಿರಗಿರನೆ ತಿರುಗಿಸುವುದು. ಮಜ್ಜಿಗೆಯನ್ನು ಜೋರಾಗಿ ತಿರುಗಿಸಿದಾಗ ನಡುವೆ ಕುಳಿಬಿದ್ದು ಅಂಚಿಗೆ ಏರುವ ಹಾಗೆ, ದ್ರವವೂ ಅಂಚಿನತ್ತ ಏರುತ್ತದೆ. ಹಾಗೆ ತಿರುಗುತ್ತಿರುವಾಗಲೇ ಅದು ಪಾಲಿಮರ್ ಆಗಿ ಗಟ್ಟಿಯಾದರೆ ಹೊರಮೈಗೆ ಅಚ್ಚಿನ ಆಕಾರ, ಒಳಮೈಗೆ ತಿರುಗುವಿಕೆಯ ಆಕಾರ. ವೇಗ ಬದಲಿಸಿದರೆ ಬಾಗು ಬದಲಾಗುತ್ತದೆ, ಬಾಗು ಬದಲಾದರೆ ಲೆನ್ಸ್‌ನ ಪವರ್ ಬದಲಾಗುತ್ತದೆ. ಅಚ್ಚಿಗೆ ಮುಚ್ಚಳವಿಲ್ಲದ್ದರಿಂದ ಅಂಚು ಹರಿಯುವ ಪ್ರಶ್ನೆಯೇ ಇಲ್ಲ.

ಯಂತ್ರದ ಚೌಕಟ್ಟಾದದ್ದು ಮಕ್ಕಳ ಮೆರ್ಕುರ್ ಆಟಿಕೆ. ನಮ್ಮಲ್ಲಿ ಮೆಕ್ಯಾನೊ ಎಂದು ಗೊತ್ತಿರುವ ಬಗೆಯದು. ತಿರುಗಿಸಲು ಮಗನ ಸೈಕಲ್ ಡೈನಮೊ. ಕ್ರಿಸ್‌ಮಸ್ ದಿನ ಪ್ರಯೋಗ ಗೆದ್ದಿತು. ಹೊಸ ವರ್ಷಕ್ಕೆ ಮುನ್ನವೇ ವಿಖ್ಟರ್ಲೆ ಪೇಟೆಂಟ್ ಅರ್ಜಿ ಹಾಕಿದರು. ಆಮೇಲೆ ಅಚ್ಚುಗಳ ಸಂಖ್ಯೆ ಹೆಚ್ಚಿ ಡೈನಮೊ ಸಾಲದಾದಾಗ ಗ್ರಾಮಫೋನಿನ ಮೋಟಾರು ಬಂತು. 1962ರ ಮೊದಲ ನಾಲ್ಕು ತಿಂಗಳಲ್ಲಿ ದಂಪತಿ ಇಂಥ ಮನೆಯಂತ್ರಗಳಲ್ಲೇ 5,500 ಲೆನ್ಸ್ ತಯಾರಿಸಿದರು.

ಲಾಭ ಯಾರಿಗೆ ಹೋಯಿತು?

ಇದಾದ ಮೇಲೆ ವಿಖ್ಟರ್ಲೆ ಶ್ರೀಮಂತರಾಗಬೇಕಿತ್ತು. ಆಗಲಿಲ್ಲ. ಆಗಿನ ಚೆಕೊಸ್ಲೊವಾಕಿಯಾದಲ್ಲಿ ಆವಿಷ್ಕಾರದ ವ್ಯವಹಾರವೆಲ್ಲ ಸರ್ಕಾರದ ಕೈಯಲ್ಲಿತ್ತು. 1965ರಲ್ಲಿ ಅಮೆರಿಕದ ನ್ಯಾಷನಲ್ ಪೇಟೆಂಟ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಹಕ್ಕುಗಳನ್ನು ಪಡೆದುಕೊಂಡಿತು. ಅಲ್ಲಿಂದ ಅದು ಬೌಷ್ ಆ್ಯಂಡ್ ಲಾಂಬ್ ಕಂಪನಿಗೆ ಹೋಯಿತು. 1971ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ನೀಡಿದ ಬಳಿಕ ಸಾಫ್ಟ್ ಲೆನ್ಸ್ ಜಗತ್ತಿನಾದ್ಯಂತ ಹಬ್ಬಿತು, ನೂರಾರು ಕೋಟಿ ಡಾಲರ್‌ಗಳ ಉದ್ಯಮವಾಯಿತು. ಅದರಲ್ಲಿ ವಿಖ್ಟರ್ಲೆ ಪಾಲಿಗೆ ಬಂದದ್ದು ಎಳ್ಳಷ್ಟು.

ಅದೇ ಹೊತ್ತಿಗೆ ಸ್ವದೇಶದಲ್ಲಿ ಇನ್ನೊಂದು ಪೆಟ್ಟು ಬಿತ್ತು. 1968ರಲ್ಲಿ ಪ್ರಾಗ್‌ನಲ್ಲಿ ಸ್ವಾತಂತ್ರ್ಯದ ಗಾಳಿ ಬೀಸಿತ್ತು. ಸುಧಾರಣೆ ಕೈಬಿಡಬೇಡಿ ಎಂದು ಜನರನ್ನು ಕೋರಿದ ಎರಡು ಸಾವಿರ ಪದಗಳು ಎಂಬ ಪ್ರಸಿದ್ಧ ಪ್ರಣಾಳಿಕೆಗೆ ವಿಖ್ಟರ್ಲೆ ಸಹಿ ಹಾಕಿದರು. ಆಗಸ್ಟ್‌ನಲ್ಲಿ ಸೋವಿಯತ್ ನೇತೃತ್ವದ ಟ್ಯಾಂಕ್‌ಗಳು ನುಗ್ಗಿದವು, ಗಾಳಿ ನಿಂತಿತು. ಸಹಿ ಹಾಕಿದವರನ್ನು ಆಡಳಿತ ಒಬ್ಬೊಬ್ಬರಾಗಿ ಹುಡುಕಿ ಶಿಕ್ಷಿಸಿತು. 1970ರಲ್ಲಿ ವಿಖ್ಟರ್ಲೆ ನಿರ್ದೇಶಕ ಹುದ್ದೆಯಿಂದ ಕೆಳಗಿಳಿಯಬೇಕಾಯಿತು.

ಅಮೆರಿಕದಲ್ಲಿ ಅವರ ಲೆನ್ಸ್‌ಗೆ ಅನುಮತಿ ಸಿಕ್ಕ ಹೊತ್ತಿಗೆ, ತಾವೇ ಕಟ್ಟಿದ ಸಂಸ್ಥೆಯಲ್ಲಿ ಅವರಿಗೆ ಅಧಿಕಾರವಿರಲಿಲ್ಲ. ಮೊದಲು ನಾಜಿಗಳು, ನಂತರ 1958, ಈಗ 1970. ಮೂರು ಬಾರಿ ಅವರ ಕೆಲಸದ ಜಾಗ ಕಸಿದುಕೊಳ್ಳಲಾಯಿತು. ಕುರ್ಚಿ ಹೋದರೂ ಅವರು ದೇಶ ಬಿಡಲಿಲ್ಲ, ಸಂಶೋಧನೆಯನ್ನೂ ಬಿಡಲಿಲ್ಲ. ಜೀವಮಾನದಲ್ಲಿ ಅವರ ಹೆಸರಿಗೆ ಸೇರಿದ ಪೇಟೆಂಟ್‌ಗಳು ಸುಮಾರು 180.

ಪಾಲಿ-ಹೇಮಾದಿಂದ ಹೈಬ್ರಿಡ್ ಜೆಲ್‌ಗೆ

ಪಾಲಿ-ಹೇಮಾಗೆ ಒಂದು ಮಿತಿ ಇತ್ತು. ಅದು ದೇಹದ ತಂಟೆಗೆ ಹೋಗುವುದಿಲ್ಲ, ದೇಹವೂ ಅದರ ತಂಟೆಗೆ ಬರುವುದಿಲ್ಲ. ಜೀವಕೋಶಗಳು ಅದಕ್ಕೆ ಅಂಟಿಕೊಳ್ಳುವುದಿಲ್ಲ. ಎಷ್ಟರ ಮಟ್ಟಿಗೆ ಎಂದರೆ, ಕೋಶಗಳು ತಟ್ಟೆಗೆ ಅಂಟಬಾರದು ಎಂದಾಗ ಪ್ರಯೋಗಾಲಯಗಳಲ್ಲಿ ತಟ್ಟೆಯ ಒಳಮೈಗೆ ಪಾಲಿ-ಹೇಮಾ ಲೇಪಿಸುತ್ತಾರೆ. ದೇಹದೊಳಗೆ ಅದು ಕರಗುವುದೂ ಇಲ್ಲ. ಲೆನ್ಸ್‌ಗೆ ಇದು ವರ. ಆದರೆ ಹೊಸ ಅಂಗಾಂಶ ಬೆಳೆಸಬೇಕು ಎಂದರೆ ಇದೇ ಗುಣ ಅಡ್ಡಿ.

ಅಂಗಾಂಶ ಬೆಳೆಸುವ ಜೆಲ್ ಮನೆ ಕಟ್ಟುವಾಗಿನ ಸಾರುವೆಯಂತೆ ಇರಬೇಕು. ಕೋಶಗಳು ಅದನ್ನು ಹಿಡಿದುಕೊಂಡು ನಿಲ್ಲಬೇಕು, ಆಹಾರ ಮತ್ತು ಆಮ್ಲಜನಕ ಒಳಗೆ ತಲುಪಬೇಕು. ಕೋಶಗಳು ತಮ್ಮದೇ ಗೋಡೆ ಕಟ್ಟಿಕೊಂಡ ಮೇಲೆ ಸಾರುವೆ ನಿಧಾನವಾಗಿ ಕರಗಿ ಜಾಗ ಖಾಲಿ ಮಾಡಬೇಕು.

ಪ್ರಕೃತಿಯಲ್ಲಿ ಸಿಗುವ ಜೆಲ್‌ಗಳಿಗೆ ಈ ವಿದ್ಯೆ ಗೊತ್ತು. ಚರ್ಮ, ಮೂಳೆಯಲ್ಲಿರುವ ಕೊಲಾಜೆನ್, ಅದರಿಂದ ತೆಗೆದ ಜೆಲಾಟಿನ್ ಇವುಗಳನ್ನು ಕೋಶಗಳು ಗುರುತಿಸುತ್ತವೆ. ಆದರೆ ಇವು ಬಲಹೀನ, ಬೇಗ ಕರಗುತ್ತವೆ, ಒಂದು ಬಾರಿ ತಯಾರಿಸಿದಂತೆ ಇನ್ನೊಂದು ಬಾರಿ ಬರುವುದಿಲ್ಲ. ಕೃತಕ ಪಾಲಿಮರ್‌ಗಳು ಗಟ್ಟಿ, ಹೇಳಿದ ಅಳತೆಗೆ ಬರುತ್ತವೆ, ಆದರೆ ಕೋಶಗಳಿಗೆ ಅವುಗಳ ಭಾಷೆ ಅರ್ಥವಾಗುವುದಿಲ್ಲ. ಎರಡನ್ನೂ ಒಂದೇ ಬಲೆಯಲ್ಲಿ ಹೆಣೆದರೆ ಅದೇ ಹೈಬ್ರಿಡ್ ಹೈಡ್ರೋಜೆಲ್. ಬಲವನ್ನು ಕೃತಕ ಭಾಗ ಕೊಡುತ್ತದೆ, ಕೋಶಗಳನ್ನು ಕರೆದು ಕೂರಿಸುವ ಕೆಲಸ ಪ್ರೋಟೀನ್ ಭಾಗದ್ದು. ಗಂಟುಗಳು ಹೆಚ್ಚಿದರೆ ಜೆಲ್ ಗಟ್ಟಿಯಾಗುತ್ತದೆ, ಆದರೆ ಬಲೆಯ ಕಣ್ಣು ಕಿರಿದಾಗಿ ಆಹಾರದ ಹರಿವು ಕುಗ್ಗುತ್ತದೆ. ಈ ಹದ ಹಿಡಿಯುವುದೇ ವಿನ್ಯಾಸದ ಕಷ್ಟ.

ಈ ದಾರಿಯಲ್ಲೂ ವಿಖ್ಟರ್ಲೆ ಸಂಸ್ಥೆಯ ಹೆಜ್ಜೆಗುರುತಿದೆ. ಅಲ್ಲೇ ಸಂಶೋಧನೆ ಕಲಿತ ಯಿಂದ್ರಿಖ್ ಕೊಪೆಚೆಕ್ ಮುಂದೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯ ಸೇರಿದರು. 1999ರಲ್ಲಿ ಅವರ ತಂಡ ಕೃತಕ ಪಾಲಿಮರ್ ಸರಪಳಿಗಳನ್ನು ಪ್ರೋಟೀನ್ ತುಣುಕುಗಳಿಂದ ಗಂಟು ಹಾಕಿ ಹೈಬ್ರಿಡ್ ಹೈಡ್ರೋಜೆಲ್ ತಯಾರಿಸಿತು. ಬಿಸಿ ಏರಿದಾಗ ಪ್ರೋಟೀನಿನ ಮಡಿಕೆ ಬಿಚ್ಚಿ ಇಡೀ ಜೆಲ್ ಕುಗ್ಗುತ್ತಿತ್ತು. ಅಂದರೆ ಜೆಲ್ ಸುತ್ತಲಿನ ಬದಲಾವಣೆಗೆ ಸ್ಪಂದಿಸಲು ಕಲಿತಿತ್ತು. ಈ ಸಂಶೋಧನೆ ಪ್ರಕಟವಾದದ್ದೂ ನೇಚರ್‌ನಲ್ಲೇ, ವಿಖ್ಟರ್ಲೆ ಮತ್ತು ಲಿಮ್ ಪ್ರಬಂಧ ಬಂದ 39 ವರ್ಷಗಳ ನಂತರ.

ಇಂದು ಮೃದ್ವಸ್ಥಿ, ಚರ್ಮ, ನರಗಳ ದುರಸ್ತಿಗೆ ಇಂಥ ಜೆಲ್‌ಗಳನ್ನು ಜಗತ್ತಿನ ಹಲವೆಡೆ ಪರೀಕ್ಷಿಸಲಾಗುತ್ತಿದೆ. ಹೆಚ್ಚಿನವು ಇನ್ನೂ ಪ್ರಯೋಗಾಲಯದ ಹಂತದಲ್ಲಿವೆ. ಲೆನ್ಸ್ ಕೂಡ ಬದಲಾಗಿದೆ. ಪಾಲಿ-ಹೇಮಾದಲ್ಲಿ ಆಮ್ಲಜನಕದ ಹರಿವು ಕಡಿಮೆ ಎಂಬ ಕೊರತೆ ನೀಗಿಸಲು 1990ರ ದಶಕದ ಕೊನೆಯಲ್ಲಿ ಸಿಲಿಕೋನ್ ಬೆರೆತ ಹೈಡ್ರೋಜೆಲ್ ಲೆನ್ಸ್‌ಗಳು ಮಾರುಕಟ್ಟೆಗೆ ಬಂದವು.

ತಡವಾಗಿ ಬಂದ ಮನ್ನಣೆ

1989ರ ಕೊನೆಯಲ್ಲಿ ಪ್ರಾಗ್‌ನ ಬೀದಿಗಳಲ್ಲಿ ರಕ್ತ ಹರಿಯದೆ ಕ್ರಾಂತಿಯಾಯಿತು. ಕಮ್ಯುನಿಸ್ಟ್ ಆಡಳಿತ ಹೋಯಿತು. 1990ರಲ್ಲಿ, 76ನೇ ವಯಸ್ಸಿನಲ್ಲಿ, ವಿಖ್ಟರ್ಲೆ ದೇಶದ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾದರು. ಚೆಕೊಸ್ಲೊವಾಕಿಯಾ ಎರಡಾಗುವವರೆಗೂ ಆ ಹೊಣೆ ಹೊತ್ತರು. 1993ರಲ್ಲಿ 3899ನೇ ಕ್ಷುದ್ರಗ್ರಹಕ್ಕೆ ಅವರ ಹೆಸರಿಡಲಾಯಿತು. 1998ರ ಆಗಸ್ಟ್ 18ರಂದು, ಮೊರಾವಿಯಾದ ಸ್ತ್ರಾಜಿಸ್ಕೊ ಹಳ್ಳಿಯ ತಮ್ಮ ಬೇಸಿಗೆ ಮನೆಯಲ್ಲಿ ಅವರು ಕಣ್ಣುಮುಚ್ಚಿದರು. ಆಗ ವಯಸ್ಸು 84.

ಲೆನ್ಸ್‌ನ ಹಣ ಅವರಿಗೆ ಸಿಗಲಿಲ್ಲ, ಕಟ್ಟಿದ ಸಂಸ್ಥೆಯಲ್ಲಿ ನೆಮ್ಮದಿಯಾಗಿ ಕೂರಲೂ ಬಿಡಲಿಲ್ಲ. ಆದರೆ ವಸ್ತುವೇ ದೇಹಕ್ಕೆ ಹೊಂದಿಕೊಳ್ಳಬೇಕು ಎಂಬ ಅವರ ಮಾತನ್ನು ಯಾವ ಸರ್ಕಾರವೂ ವಜಾ ಮಾಡಲಾಗಲಿಲ್ಲ. ಇಂದು ಯಾವುದೇ ಪ್ರಯೋಗಾಲಯದಲ್ಲಿ ಯುವ ಸಂಶೋಧಕರು ಹೊಸ ಜೆಲ್ ರೂಪಿಸಲು ಕುಳಿತಾಗ ಮೊದಲು ಕೇಳಿಕೊಳ್ಳುವುದು ಆ ರೈಲಿನಲ್ಲಿ ವಿಖ್ಟರ್ಲೆ ಅವರನ್ನು ಕಾಡಿದ ಪ್ರಶ್ನೆಯನ್ನೇ. ಮಕ್ಕಳ ಆಟಿಕೆಯಿಂದ ಕಟ್ಟಿದ ಯಂತ್ರದಲ್ಲಿ ಅದಕ್ಕೆ ಮೊದಲ ಉತ್ತರ ಸಿಕ್ಕಿತ್ತು. ಮುಂದಿನ ಉತ್ತರಗಳ ಹುಡುಕಾಟ ಇನ್ನೂ ನಡೆದಿದೆ.